ಬಿಲ್ಲೆ ಕಡಿಮೆ ಮಾಡಿದ ಮೇಲೆ ವಿಸ್ತೀರ್ಣ ಬಂತು: ನನ್ನ ಅನುಭವ

ಮೂರು ವಾರ ಸೂತ್ರವನ್ನೇ ಹೇಳದೆ ಆಯತದ ವಿಸ್ತೀರ್ಣ ಕಲಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ವಾದ ಮಾಡಲಿಲ್ಲ. ಸುಮ್ನೆ ನಕ್ಕರು. "ಒಂದು ಪೀರಿಯಡ್‌ನಲ್ಲಿ ಮುಗಿಯೋ ಪಾಠ ಮೇಡಂ. ಉದ್ದ ಇಂಟು ಅಗಲ. ಹತ್ತು ಲೆಕ್ಕ ಕೊಡಿ, ಮುಂದಕ್ಕೆ ಹೋಗಿ" ಅಂದರು ಸೀನಿಯರ್ ಮೇಷ್ಟ್ರು. ನಾನೂ ಎಂಟೊಂಬತ್ತು ವರ್ಷ ಹಾಗೇ ಮಾಡಿದವಳು. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ. ಈಗ ಅದೇ ಮೇಷ್ಟ್ರು ನನ್ನ ಬಿಲ್ಲೆ ಡಬ್ಬ ಎರಡು ದಿನಕ್ಕೆ ಬೇಕು ಅಂತ ಕೇಳಿಕೊಂಡು ಬಂದರು. ಬರೆಯೋಕೆ ಇದಕ್ಕಿಂತ ಒಳ್ಳೆ ನೆಪ ಸಿಗೋದಿಲ್ಲ.

ನನ್ನ ತಲೆ ಕೆಡಿಸಿದ್ದು 576. ಒಂದು ವರ್ಷ ಟೆಸ್ಟಿನಲ್ಲಿ ಆಯತ ಬರೆದು ನಾಲ್ಕೂ ಬದಿಗೆ ಅಳತೆ ಹಾಕಿದ್ದೆ: 6, 4, 6, 4. ಸಾಮಾನ್ಯವಾಗಿ ನಾವು ಎರಡೇ ಬದಿಗೆ ಹಾಕ್ತೀವಿ ಅಲ್ವಾ, ಅವತ್ತು ಯಾಕೋ ನಾಲ್ಕಕ್ಕೂ ಹಾಕಿಬಿಟ್ಟೆ. 38 ಮಕ್ಕಳಲ್ಲಿ ಹನ್ನೊಂದೋ ಹನ್ನೆರಡೋ ಜನ ನಾಲ್ಕನ್ನೂ ಗುಣಿಸಿ 576 ಚದರ ಸೆಂ.ಮೀ. ಅಂತ ಬರೆದಿದ್ದರು. ಗುಣಾಕಾರ ಪೂರ್ತಿ ಸರಿ ಇತ್ತು. ಅದೇ ನನಗೆ ಜಾಸ್ತಿ ನೋವಾಗಿದ್ದು. ಹಾಳೆಯ ಮೇಲಿದ್ದ ಆಯತ ಅವರ ಅಂಗೈಗಿಂತ ಚಿಕ್ಕದು. ಅದರೊಳಗೆ 576 ಚೌಕ ಹಿಡಿಸುತ್ತಾ ಅಂತ ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಅವರ ಮಟ್ಟಿಗೆ ವಿಸ್ತೀರ್ಣ ಅಂದರೆ ಕಣ್ಣಿಗೆ ಬಿದ್ದ ಸಂಖ್ಯೆಗಳನ್ನೆಲ್ಲ ಗುಣಿಸೋದು, ಸುತ್ತಳತೆ ಅಂದರೆ ಕೂಡಿಸೋದು. ಇಷ್ಟೇ ವ್ಯತ್ಯಾಸ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡೋದೇ. ಚೌಕದ ಬಿಲ್ಲೆ ಕೊಟ್ಟು ಆಯತವನ್ನು ಮುಚ್ಚಿಸೋದು. ಇದಕ್ಕೆ ಸುರಿದ ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ, ನೀವಾದರೂ ಉಳಿಸಿಕೊಳ್ಳಿ. ಮೊದಲ ಸಲ ಫೋಮ್ ಶೀಟ್ ತಂದು ಬಿಲ್ಲೆ ಕತ್ತರಿಸಿದೆ. ಹೆಚ್ಚುಕಡಿಮೆ ನನ್ನ ಅರ್ಧ ದಿನದ ಸಂಬಳ. ಫ್ಯಾನ್ ಹಾಕಿದ ತಕ್ಷಣ ಎಲ್ಲ ಹಾರಿ ಬೆಂಚಿನ ಕೆಳಗೆ. ಫ್ಯಾನ್ ಆರಿಸಿದರೆ ಸೆಕೆ, ಹಾಕಿದರೆ ಬಿಲ್ಲೆ ಇಲ್ಲ. ಎರಡನೇ ಸಲ ದಪ್ಪ ರಟ್ಟು ತಂದು ರಾತ್ರಿ ಕೂತು ಕತ್ತರಿಯಲ್ಲೇ ಕತ್ತರಿಸಿದೆ. ಅದು ಪುಕ್ಕಟೆ, ಆದರೆ ಬೆರಳು ಬೊಬ್ಬೆ ಬಂತು. ಮೇಲಾಗಿ ಒಂದೊಂದು ಬಿಲ್ಲೆಯೂ ಒಂದು ಮಿ.ಮೀ. ಜಾಸ್ತಿ. 2 ಸೆಂ.ಮೀ. ಬಿಲ್ಲೆಗೆ ಒಂದು ಮಿ.ಮೀ. ಏನು ಮಹಾ ಅಂದುಕೊಂಡಿದ್ದೆ. ಆರೇಳು ಬಿಲ್ಲೆಯ ಸಾಲಿನಲ್ಲಿ ಗೊತ್ತೇ ಆಗಲಿಲ್ಲ. ಇಪ್ಪತ್ತರ ಸಾಲು ಮಾಡಿಸಿದಾಗ ಒಂದು ಪೂರ್ತಿ ಬಿಲ್ಲೆ ಹೊರಗೆ ಉಳಿಯಿತು. "ಮಿಸ್, 19 ಬಂತು" ಅಂತ ಮಕ್ಕಳು. ಅವರದು ಸರಿ, ತಪ್ಪು ನಂದು.

ಮೂರನೇ ಸಲ ಹಟಕ್ಕೆ ಬಿದ್ದು ಪ್ಲಾಸ್ಟಿಕ್ ಬಿಲ್ಲೆಗಳ ರೆಡಿ ಸೆಟ್ ತಂದೆ. ಎರಡು ದಿನದ ಸಂಬಳ ಪೂರ್ತಿ ಹೋಯಿತು. ಅಳತೆ ಕರಾರುವಾಕ್ಕು, ಹಾರೋದೂ ಇಲ್ಲ. ಆದರೆ ನಾಲ್ಕು ಬಣ್ಣ. ನಲವತ್ತು ನಿಮಿಷದಲ್ಲಿ ಇಪ್ಪತ್ತೈದು ನಿಮಿಷ ಕೆಂಪು ಬಿಲ್ಲೆ ಯಾರಿಗೆ ಅನ್ನೋ ಜಗಳಕ್ಕೇ ಹೋಯಿತು. ಉಳಿದ ಹೊತ್ತಿನಲ್ಲಿ ಚೆಂದದ ಡಿಸೈನ್ ಮಾಡಿದರು. ಬಿಲ್ಲೆ ಕೊಳ್ಳೋದಾದರೆ ಒಂದೇ ಬಣ್ಣದ್ದು ಕೊಳ್ಳಿ, ಅದೂ ಮಂಕು ಬಣ್ಣ.

ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇತ್ತು. ಬಿಲ್ಲೆ ಬೇಕಾದಷ್ಟು ಇದ್ದರೆ ಮಕ್ಕಳು ಆಯತ ತುಂಬಿಸ್ತಾರೆ, ಒಂದರಿಂದ ಎಣಿಸ್ತಾರೆ, 24 ಅಂತಾರೆ. ಉತ್ತರ ಸರಿ. ನಾವು ಖುಷಿಯಾಗಿ ಟಿಕ್ ಹಾಕ್ತೀವಿ. ಆದರೆ ಅವರು ಎಣಿಸೋ ಬೆರಳನ್ನು ಒಂದು ಸಲ ಗಮನಿಸಿ. ಅಂಚಿನ ಸುತ್ತ ಹೋಗಿ ಸುರುಳಿಯಾಗಿ ಒಳಗೆ ಬರ್ತಾರೆ. ಕೆಲವರು ಅಲ್ಲೊಂದು ಇಲ್ಲೊಂದು. ಸಾಲು ಅನ್ನೋದು ಅವರ ಕಣ್ಣಿಗೆ ಬಿದ್ದೇ ಇಲ್ಲ. ನಮಗೆ ಚೌಕಳಿ ಕಂಡ ಕೂಡಲೇ ಆರಾರರ ನಾಲ್ಕು ಸಾಲು ಕಾಣುತ್ತೆ, ಅವರಿಗೆ 24 ಬಿಡಿ ಚೌಕ. ಖಾಲಿ ಆಯತ ಕೊಟ್ಟು ಒಳಗೆ ಚೌಕ ಬಿಡಿಸಿ ಅಂದಾಗ ನನಗೆ ಇದು ಅರ್ಥವಾಗಿದ್ದು. ಅಂಚಿಗೆ ಅಂಟಿಕೊಂಡ ಹಾಗೆ ಒಂದಿಷ್ಟು ಚೌಕ, ನಡುವೆ ಸೊಟ್ಟಂಬಟ್ಟ ಇನ್ನೊಂದಿಷ್ಟು, ಮಧ್ಯದಲ್ಲಿ ತೂತು. ಸಾಲು ಕಾಣದ ಮಗುವಿಗೆ ಯಾಕೆ ಗುಣಿಸಬೇಕು ಅಂತ ಹೇಗೆ ತಿಳಿಯಬೇಕು?

ದಾರಿ ಸಿಕ್ಕಿದ್ದು ಬಿಲ್ಲೆ ಕಳೆದುಹೋಗಿದ್ದರಿಂದ. ಎರಡನೇ ವರ್ಷದ ಹೊತ್ತಿಗೆ ಆ ಪ್ಲಾಸ್ಟಿಕ್ ಸೆಟ್ಟಿನಲ್ಲಿ ಅರ್ಧವೂ ಉಳಿದಿರಲಿಲ್ಲ. ಒಂದು ಗುಂಪಿಗೆ 6ಕ್ಕೆ 4ರ ಆಯತ ಕೊಟ್ಟಿದ್ದೆ, ಅವರ ಕೈಯಲ್ಲಿ ಹತ್ತೋ ಹನ್ನೊಂದೋ ಬಿಲ್ಲೆ. ಮೂವರು ಸಾಲ ಕೇಳೋಕೆ ಪಕ್ಕದ ಗುಂಪಿಗೆ ಹೋದರು. ಉಳಿದ ಹುಡುಗಿ ಮೇಲಿನ ಸಾಲಿಗೆ ಆರು ಇಟ್ಟಳು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಆ ಆರನ್ನೂ ಎರಡೂ ಕೈಯಿಂದ ಒತ್ತಿ ಹಿಡಿದು, ಒಟ್ಟಿಗೆ ಕೆಳಕ್ಕೆ ಜಾರಿಸಿದಳು. ಒಂದು ಸಾಲು ಕೆಳಗೆ. ಮತ್ತೆ ಜಾರಿಸಿದಳು. ಬಾಯಲ್ಲಿ "ಆರು, ಹನ್ನೆರಡು, ಹದಿನೆಂಟು". ಸಾಲ ಕೇಳೋಕೆ ಹೋದವರು ಕೈತುಂಬ ಬಿಲ್ಲೆ ತಂದಾಗ "ಬೇಡ ಹೋಗ್ರೋ, 24" ಅಂದಳು. ನಾನು ಬೋರ್ಡಿನ ಹತ್ತಿರ ನಿಂತಿದ್ದವಳು ಡಸ್ಟರ್ ಕೆಳಗಿಟ್ಟು ಅವಳ ಬೆಂಚಿಗೇ ಹೋಗಿ ಕೂತೆ.

ಅವತ್ತಿನಿಂದ ಲೆಕ್ಕ ಉಲ್ಟಾ. ಒಂದು ಗುಂಪಿಗೆ ಹತ್ತೇ ಬಿಲ್ಲೆ, ಒಂದು ಪುಟ್ಟ ಚೀಲದಲ್ಲಿ. ಆಯತಗಳನ್ನು ಅದಕ್ಕೆ ತಕ್ಕ ಹಾಗೆ ಆರಿಸಿದೆ: 6ಕ್ಕೆ 5, 7ಕ್ಕೆ 4, 5ಕ್ಕೆ 5. ಒಂದು ಅಡ್ಡ ಸಾಲು, ಒಂದು ಉದ್ದ ಸಾಲು ಇಡೋಕೆ ಸಾಕಾಗಬೇಕು, ತುಂಬಿಸೋಕೆ ಸಾಲಬಾರದು. ಪ್ಲಾಸ್ಟಿಕ್ ಬಿಟ್ಟು ಹಳೇ ನೋಟ್‌ಬುಕ್‌ಗಳ ರಟ್ಟಿಗೆ ವಾಪಸ್ ಬಂದೆ, ಆದರೆ ಈ ಸಲ ಕತ್ತರಿ ಬಿಟ್ಟು ಸ್ಟೀಲ್ ಸ್ಕೇಲು, ಕಟ್ಟರ್ ಹಿಡಿದೆ. ಸುಮಾರು ನೂರು ಬಿಲ್ಲೆ, ಒಂದು ಸಂಜೆಯ ಕೆಲಸ. ಖರ್ಚು ಕಟ್ಟರ್ ಬ್ಲೇಡಿನದಷ್ಟೇ. ಎರಡು ದಿನದ ಸಂಬಳ ಕೊಟ್ಟು ತಂದ ಸೆಟ್ಟಿನ ಉಳಿದ ಬಿಲ್ಲೆಗಳು ಈಗ ಅಲುಗಾಡೋ ಮೇಜಿನ ಕಾಲಿನ ಕೆಳಗಿವೆ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಹತ್ತು ಬಿಲ್ಲೆ ಕೊಟ್ಟ ಮೊದಲ ದಿನವೇ ಹೊಸ ತಪ್ಪು ಹುಟ್ಟಿತು. 6ಕ್ಕೆ 4ರ ಕಾರ್ಡಿನಲ್ಲಿ ಮಕ್ಕಳು ಮೇಲೆ ಆರು ಇಟ್ಟರು, ಎಡಗಡೆ ಅಂಚಿಗೆ ಇಳಿಯುತ್ತಾ ಇನ್ನೂ ಮೂರು ಇಟ್ಟರು. "ಆರು, ಮೂರು, ಆರು ಮೂರ್ಲಿ ಹದಿನೆಂಟು". ಮೂಲೆಯ ಬಿಲ್ಲೆಯನ್ನು ಆಗಲೇ ಅಡ್ಡ ಸಾಲಿಗೆ ಎಣಿಸಿಯಾಗಿದೆ, ಮತ್ತೆ ಎಣಿಸಿದರೆ ಮೋಸ ಅನ್ನೋದು ಅವರ ವಾದ. ನ್ಯಾಯವಾದ ವಾದವೇ. ಎಣಿಕೆಯಲ್ಲಿ ಒಂದನ್ನು ಎರಡು ಸಲ ಎಣಿಸಬಾರದು ಅಂತ ಒಂದನೇ ಕ್ಲಾಸಿನಿಂದ ಹೇಳಿಕೊಟ್ಟವರು ನಾವೇ. ನಾನು ಎರಡು ದಿನ ವಿವರಿಸಿದೆ, ಬೋರ್ಡ್ ತುಂಬ ಗೀಚಿದೆ, ಉಪಯೋಗವಾಗಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಪ್ರಶ್ನೆ ಬದಲಾಯಿಸಿದ್ದು. "ಇಲ್ಲಿ ಎಷ್ಟು, ಇಲ್ಲಿ ಎಷ್ಟು" ಅನ್ನೋದು ಬಿಟ್ಟೆ. "ಒಂದು ಸಾಲಿಗೆ ಎಷ್ಟು ಬಿಲ್ಲೆ? ಅಂಥ ಸಾಲು ಎಷ್ಟು?" ಅಂತ ಶುರುಮಾಡಿದೆ. ಈಗ ಎಡಗಡೆಯ ಪ್ರತಿ ಬಿಲ್ಲೆಯೂ ಒಂದೊಂದು ಸಾಲಿನ ತಲೆ. ಮೂಲೆಯದು ಮೊದಲ ಸಾಲಿನ ತಲೆ. ತಲೆ ಎಣಿಸಿದರೆ ನಾಲ್ಕೇ ಬರಬೇಕು. ಒಬ್ಬ ಹುಡುಗ ಆ ಬಿಲ್ಲೆಗಳ ಮೇಲೆ ಪೆನ್ಸಿಲ್‌ನಲ್ಲಿ ಕಣ್ಣು ಮೂಗು ಬರೆದ. ಮಾರನೇ ದಿನ ಎಲ್ಲರ ಬಿಲ್ಲೆಗೂ ಮುಖ ಬಂದಿತ್ತು. ಹದಿನೆಂಟು ಮಾಯವಾಯಿತು.

ಆ ಮೂರು ವಾರ ಉದ್ದ, ಅಗಲ ಅನ್ನೋ ಪದಗಳನ್ನೂ ನಾನು ಬಳಸಲಿಲ್ಲ. ಅದಕ್ಕೂ ಕಾರಣ ಇದೆ. ಕಾರ್ಡನ್ನು ಅಡ್ಡ ತಿರುಗಿಸಿದರೆ ಯಾವುದು ಉದ್ದ ಅಂತ ಅರ್ಧ ಕ್ಲಾಸಿಗೆ ಗಲಿಬಿಲಿ. ಸಾಲಿಗೆ ಎಷ್ಟು, ಎಷ್ಟು ಸಾಲು ಅಂದರೆ ಹೇಗೆ ತಿರುಗಿಸಿದರೂ ತೊಂದರೆ ಇಲ್ಲ, 6ರ 4 ಸಾಲು ಇದ್ದದ್ದು 4ರ 6 ಸಾಲು ಆಗುತ್ತೆ, ಅಷ್ಟೇ.

ಆಮೇಲೆ ಬಿಲ್ಲೆ ಕಡಿಮೆ ಮಾಡ್ತಾ ಹೋಗೋದು. ಎರಡನೇ ವಾರ ಒಂದೇ ಬಿಲ್ಲೆ. ಅದನ್ನು ಅಂಚಿನ ಮೇಲೆ ಹೆಜ್ಜೆ ಇಡಿಸಿಕೊಂಡು ಪೆನ್ಸಿಲ್ ಗುರುತು ಹಾಕ್ತಾ ಹೋಗಬೇಕು. ಇದರ ಜೊತೆಗೆ ಮಸಿ ಕಾರ್ಡ್. ಚೌಕಳಿ ಹಾಳೆಯಲ್ಲಿ ಆಯತ ಬರೆದು, ಮಧ್ಯಕ್ಕೆ ಮಸಿ ಚೆಲ್ಲಿದ ಹಾಗೆ ಕಪ್ಪು ಬಳಿದಿರ್ತೀನಿ. ಅಂಚಿನ ಚೌಕಗಳು ಮಾತ್ರ ಅಲ್ಲಲ್ಲಿ ಕಾಣುತ್ತವೆ. ಒಟ್ಟು ಐದು ಕಾರ್ಡ್ ಎಲ್ಲರಿಗೂ ತೋರಿಸ್ತೀನಿ, ಒಂದಕ್ಕಿಂತ ಒಂದರಲ್ಲಿ ಮಸಿ ಜಾಸ್ತಿ. ಆರನೇದು ಒಂದಿದೆ. ಅದರಲ್ಲಿ ಏನು ಕಾಣುತ್ತೆ, ಏನು ಕಾಣೋದಿಲ್ಲ ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಯೋಚನೆ ಮಾಡಿ, ನಿಮಗೇ ಹೊಳೆಯುತ್ತೆ. ನನಗೆ ಹೊಳೆಯೋಕೆ ಒಂದು ವರ್ಷ ಹಿಡಿಯಿತು.

ಸ್ಕೇಲ್ ಕೊಟ್ಟ ದಿನ ಮತ್ತೆ ಪೆಟ್ಟು. ಕೊನೇ ಬಿಲ್ಲೆಯನ್ನೂ ಕಿತ್ತುಕೊಂಡು ಅಳೆದು ನೋಡಿ ಅಂದೆ. 6 ಸೆಂ.ಮೀ. ಬದಿಗೆ ಏಳೆಂಟು ಮಕ್ಕಳು 7 ಅಂದರು. ಗೆರೆ ಎಣಿಸಿದ್ದರು, ಸೊನ್ನೆಯ ಗೆರೆಯನ್ನೂ ಸೇರಿಸಿ. ಇನ್ನು ಕೆಲವರು 1ರಿಂದ ಹಿಡಿದು ಅಳೆದಿದ್ದರು, ಅವರಿಗೂ ಏಳೇ. ಸ್ಕೇಲ್ ಬಳಸೋದು ಬರುತ್ತೆ ಅಂತ ನಾನು ಅಂದುಕೊಂಡಿದ್ದೇ ತಪ್ಪು. ಆಗ ಒಂದು ಸೆಂ.ಮೀ. ಬಿಲ್ಲೆಗಳನ್ನು ಸ್ಕೇಲಿನ ಅಂಚಿಗೇ ಜೋಡಿಸಿ ಇಡಿಸಿದೆ. ಎಣಿಸಬೇಕಾದ್ದು ಗೆರೆಯನ್ನಲ್ಲ, ಎರಡು ಗೆರೆಗಳ ನಡುವಿನ ಜಾಗವನ್ನು ಅಂತ ಬಿಲ್ಲೆಗಳೇ ತೋರಿಸಿದವು. ತುದಿ ಮುರಿದ ಸ್ಕೇಲುಗಳನ್ನು ಬೇಕಂತಲೇ ಹಂಚಿದೆ, 3ರಿಂದ ಶುರುವಾಗುವಂಥವು. ಮುರಿದ ಸ್ಕೇಲಿನವರು ಒಳ್ಳೆ ಸ್ಕೇಲಿನವರಿಗಿಂತ ಬೇಗ ಕಲಿತರು.

ಸುತ್ತಳತೆಯ ಗೊಂದಲದಲ್ಲಿ ನನ್ನ ಪಾಲು ದೊಡ್ಡದು. ಹಿಂದೆ ಒಂದು ವರ್ಷ ಎರಡನ್ನೂ ಒಟ್ಟಿಗೆ ತೋರಿಸೋಣ ಅಂತ ಬೋರ್ಡಿನ ಮೇಲೆ 4ಕ್ಕೆ 4ರ ಚೌಕ ಬರೆದೆ. ವಿಸ್ತೀರ್ಣ 16, ಸುತ್ತಳತೆ 16. ಮೂರು ಸೆಕೆಂಡಿನಲ್ಲಿ ಕ್ಲಾಸು ತೀರ್ಮಾನಕ್ಕೆ ಬಂತು: ಎರಡೂ ಒಂದೇ, ಮಿಸ್ ಸುಮ್ನೆ ಎರಡು ಹೆಸರು ಹೇಳ್ತಿದ್ದಾರೆ. ಗಾಬರಿಯಲ್ಲಿ ಅಳಿಸಿ ಇನ್ನೊಂದು ಬರೆದೆ. ನನ್ನ ಗ್ರಹಚಾರ, ಬರೆದದ್ದು 6ಕ್ಕೆ 3. ಅದರಲ್ಲೂ 18, 18. ಪೂರ್ಣ ಸಂಖ್ಯೆಗಳಲ್ಲಿ ಹೀಗಾಗೋದು ಆ ಎರಡೇ ಆಯತಕ್ಕೆ, ಎರಡನ್ನೂ ನಾನು ಒಂದೇ ಪೀರಿಯಡ್‌ನಲ್ಲಿ ಹುಡುಕಿಕೊಂಡೆ.

ಈಗ ಸುತ್ತಳತೆಗೆ ದಾರ. 24 ಬಿಲ್ಲೆ ಉದ್ದದ ದಾರದ ಕುಣಿಕೆ ಮಾಡಿ, ಬೆರಳುಗಳನ್ನು ಮೂಲೆಯಾಗಿಸಿ ಚೌಕಳಿ ಹಾಳೆಯ ಮೇಲೆ ಹಿಡಿಸ್ತೀನಿ. 11ಕ್ಕೆ 1 ಹಿಡಿದರೆ ಒಳಗೆ 11 ಚೌಕ. 10ಕ್ಕೆ 2 ಹಿಡಿದರೆ 20. ಆಮೇಲೆ 27, 32, 35, ಕೊನೆಗೆ 6ಕ್ಕೆ 6ರಲ್ಲಿ 36. ದಾರ ಅದೇ. "ಮಿಸ್, ದಾರ ಹಿಗ್ಗುತ್ತಾ?" ಅಂತ ಕೇಳಿದವರಿದ್ದಾರೆ, ಎಳೆದೂ ನೋಡಿದ್ದಾರೆ. ಹಿಗ್ಗೋ ದಾರ ತರಬೇಡಿ, ನಾನು ಒಂದು ಸಲ ತಂದಿದ್ದೆ. ಮಕ್ಕಳ ಈ ತಪ್ಪು ಹಳೇದು ಬಿಡಿ. ಸಿಸಿಲಿ ದ್ವೀಪ ಎಷ್ಟು ದೊಡ್ಡದು ಅಂತ ಹೇಳೋಕೆ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಕೊಟ್ಟ ಅಳತೆಯೇ ಅದನ್ನು ಸರಕು ಹಡಗಿನಲ್ಲಿ ಸುತ್ತಿ ಬರೋಕೆ ಸುಮಾರು ಎಂಟು ದಿನ ಹಿಡಿಯುತ್ತೆ ಅನ್ನೋದು. ಎರಡು ಸಾವಿರದ ನಾನೂರು ವರ್ಷದ ಹಿಂದೆ ಅವನೇ ಸುತ್ತಿನಿಂದ ಜಾಗ ಅಳೆದಿದ್ದರೆ ನಮ್ಮ ಹತ್ತು ವರ್ಷದವರನ್ನು ಬೈಯೋದು ಹೇಗೆ?

ಒಂದೆರಡು ಅಡ್ಡ ಪ್ರಯೋಗ. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಪಿಯಾಜೆ ಮಾಡಿಸುತ್ತಿದ್ದ ಹಸು, ಹುಲ್ಲಿನ ಪ್ರಯೋಗ ನಿಮಗೆ ಗೊತ್ತೇ ಇರುತ್ತೆ: ಒಂದೇ ಅಳತೆಯ ಎರಡು ಹಸಿರು ಹಾಳೆ, ಒಂದರಲ್ಲಿ ಮನೆಗಳನ್ನು ಒತ್ತಾಗಿ, ಇನ್ನೊಂದರಲ್ಲಿ ಅಷ್ಟೇ ಮನೆಗಳನ್ನು ಚೆದುರಿಸಿ ಇಟ್ಟು ಯಾವ ಹಸುವಿಗೆ ಹುಲ್ಲು ಜಾಸ್ತಿ ಅಂತ ಕೇಳೋದು. ನಾನು ಬಿಲ್ಲೆಗಳನ್ನೇ ಮನೆ ಮಾಡಿ ನಮ್ಮ ಕ್ಲಾಸಿನಲ್ಲಿ ಕೇಳಿದೆ. ಎರಡು ಮೂರು ಮನೆಯವರೆಗೆ ಎಲ್ಲರೂ ಒಂದೇ ಅಂದರು. ಹತ್ತು ಮನೆ ಆದಾಗ ಐದಾರು ಜನ ಜಾರಿದರು. ಆ ಐದಾರು ಜನರೇ ಮಸಿ ಕಾರ್ಡಿನಲ್ಲೂ ಹಿಂದೆ ಬಿದ್ದವರು. ಕಾಕತಾಳೀಯವೋ ಏನೋ, ಈಗ ನಾನು ಮೊದಲ ದಿನವೇ ಹಸುವನ್ನು ಕರೆತರ್ತೀನಿ.

ಇನ್ನೊಂದು ಚದರ ಮೀಟರ್‌ನದು. ಒಂದು ಚದರ ಮೀಟರ್ ಅಂದರೆ ನೂರು ಚದರ ಸೆಂ.ಮೀ. ಅನ್ನೋ ತಪ್ಪು ದೊಡ್ಡ ಕ್ಲಾಸಿನವರೂ ಮಾಡ್ತಾರೆ. ಹಳೇ ಪೇಪರ್ ಅಂಟಿಸಿ ಮೀಟರಿಗೆ ಮೀಟರ್ ಚೌಕ ಮಾಡಿದೆವು. ಅದರ ಮೇಲೆ ಹನ್ನೊಂದು ಮಕ್ಕಳು ಒತ್ತರಿಸಿಕೊಂಡು ನಿಂತರು, ಹನ್ನೆರಡನೆಯವನು ಹತ್ತಿದಾಗ ಪೇಪರ್ ಹರಿಯಿತು. ನೂರರ ನೂರು ಸಾಲು, ಹತ್ತು ಸಾವಿರ. ಆಮೇಲೆ A4 ಹಾಳೆ ಎಷ್ಟು ಬೇಕು ಅಂತ ಕೇಳಿದೆ. ಹದಿನಾರು ಅಂದರೆ ನಂಬಲಿಲ್ಲ. ನಾಲ್ಕು ನಾಲ್ಕರ ನಾಲ್ಕು ಸಾಲು ಇಟ್ಟರೆ 84ಕ್ಕೆ 118.8 ಸೆಂ.ಮೀ. ಬರುತ್ತೆ, ನಮ್ಮ ಪೇಪರ್ ಚೌಕಕ್ಕೆ ಹೊಂದೋದೇ ಇಲ್ಲ. "ನೋಡಿ ಮಿಸ್, ಒಂದೇ ಅಲ್ಲ" ಅಂತ ಗೆದ್ದ ಮುಖ ಮಾಡಿದರು. ಗುಣಿಸಿಸಿದೆ: ಸುಮಾರು 9,979. ಬರೀ 21 ಚದರ ಸೆಂ.ಮೀ. ಕಮ್ಮಿ. ಒಂದು ಪೂರ್ತಿ ಪೀರಿಯಡ್ ಹೋಯಿತು, ಸಿಲಬಸ್ಸಿನಲ್ಲಿ ಇಲ್ಲ, ಬೇಜಾರೂ ಇಲ್ಲ.

ನಿರೀಕ್ಷೆ ಮಾಡದೆ ಬಂದ ಲಾಭ ಮಗ್ಗಿಯದು. ಏಳರ ಮಗ್ಗಿ ಬಾರದ ಹುಡುಗಿಯೊಬ್ಬಳು 8ರ 7 ಸಾಲಿನ ಆಯತಕ್ಕೆ ಐದು ಸಾಲಿನ ಕೆಳಗೆ ಗೆರೆ ಹೊಡೆದಳು. ಮೇಲೆ 40, ಕೆಳಗೆ 16, ಒಟ್ಟು 56. ಯಾರೂ ಹೇಳಿಕೊಟ್ಟಿರಲಿಲ್ಲ. ಈಗ 13ರ 12 ಸಾಲನ್ನೂ ಹೀಗೇ ನಾಲ್ಕು ತುಂಡು ಮಾಡ್ತಾರೆ: 100, 30, 20, 6.

ಮೂರನೇ ವಾರದ ಕೊನೆಗೆ ಸೂತ್ರವನ್ನು ನಾನು ಹೇಳಬೇಕಾಗಲೇ ಇಲ್ಲ. "ಮಿಸ್, ಇದನ್ನೇ ಅಲ್ವಾ ನಮ್ಮಣ್ಣ ಉದ್ದ ಇಂಟು ಅಗಲ ಅನ್ನೋದು" ಅಂತ ಒಬ್ಬ ಕೇಳಿದ. ಹೌದಪ್ಪ, ಅದೇ ಅಂದೆ. ಬೋರ್ಡಿನ ಮೇಲೆ ಬರೆದು ಸಹಿ ಹಾಕಿದ ಹಾಗೆ ಕೆಳಗೆ ಎರಡು ಗೆರೆ ಎಳೆದೆ.

ಟೆಸ್ಟಿನಲ್ಲಿ ಮತ್ತೆ ಅದೇ 6, 4, 6, 4 ಕೊಟ್ಟೆ. 576 ಬರೆದವರು ಒಬ್ಬರೋ ಇಬ್ಬರೋ. ಅದರಲ್ಲಿ ಒಬ್ಬ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ "ಇಷ್ಟು ಹಿಡಿಸಲ್ಲ" ಅಂತ ಬರೆದಿದ್ದ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. L ಆಕಾರದ ಲೆಕ್ಕವನ್ನು ಪಾಠ ಮಾಡದೆಯೇ ಕೊಟ್ಟಿದ್ದೆ, 38ರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು ಎರಡು ಆಯತ ಮಾಡಿ ಬಿಡಿಸಿದರು. ಕಡಿಮೆ ಬಂದದ್ದು ಅರ್ಧ ಚೌಕದ ಲೆಕ್ಕದಲ್ಲಿ. ಮೂರೂವರೆಗೆ 2ರ ಆಯತಕ್ಕೆ ಬಹಳ ಜನ 6 ಅಂತಲೋ 8 ಅಂತಲೋ ಬರೆದರು. ಎರಡು ಅರ್ಧ ಸೇರಿಸಿ 7 ಮಾಡಿದವರು ಹತ್ತು ಜನ ಇರಬಹುದು. ಅದಕ್ಕೆ ಕತ್ತರಿಸಿದ ಬಿಲ್ಲೆ ಕೊಡಬೇಕೋ, ಮಕ್ಕಳಿಂದಲೇ ಕತ್ತರಿಸಬೇಕೋ ಇನ್ನೂ ಗೊತ್ತಾಗಿಲ್ಲ. ಈ ವರ್ಷ ಎರಡನ್ನೂ ನೋಡ್ತೀನಿ.

ಸೀನಿಯರ್ ಮೇಷ್ಟ್ರು ಡಬ್ಬವನ್ನು ಹೇಳಿದ ಹಾಗೆ ಎರಡೇ ದಿನಕ್ಕೆ ವಾಪಸ್ ತಂದರು. "ಮೇಡಂ, ಪ್ರತಿ ಚೀಲದಲ್ಲೂ ಹತ್ತೇ ಬಿಲ್ಲೆ ಇತ್ತು, ಕಳೆದುಹೋಗಿರಬೇಕು. ರಾತ್ರಿ ಕೂತು ಕತ್ತರಿಸಿ ಎಲ್ಲದಕ್ಕೂ ಮೂವತ್ತು ಮೂವತ್ತು ಮಾಡಿದ್ದೀನಿ" ಅಂದರು. ಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಥ್ಯಾಂಕ್ಸ್ ಹೇಳಿ ಇಸ್ಕೊಂಡೆ. ಅವರು ಕ್ಲಾಸಿಗೆ ಹೋದ ಮೇಲೆ ಕೂತು, ಒಂದೊಂದು ಚೀಲದಿಂದಲೂ ಇಪ್ಪತ್ತು ಬಿಲ್ಲೆ ತೆಗೆದೆ.